ನಮ್ಮ ಮನೆಯಲ್ಲಿ ನೋವನ್ನು ವಿಚಾರಿಸುವ ಹಾಗಿರಲಿಲ್ಲ

ನನ್ನ ನೋವನ್ನು ವಿಚಾರಿಸಬೇಡಿ ಎಂದು ಮನೆಯವರಿಗೆ ಅಪ್ಪಣೆ ಕೊಟ್ಟದ್ದು ಡಾಕ್ಟರು. ಹೀಗೆಂದರೆ ಇವಳು ಸುಳ್ಳು ಹೇಳುತ್ತಾಳೆ ಎಂದುಕೊಳ್ಳುತ್ತೀರಿ. ಅಂದುಕೊಳ್ಳಿ, ನನಗೆ ಅಭ್ಯಾಸವಾಗಿದೆ. ಸೊಂಟ ನೋವಿನ ಹೆಂಗಸು ಏನು ಹೇಳಿದರೂ ಅದರಲ್ಲಿ ಅರ್ಧ ತೆಗೆದುಹಾಕಿ ಕೇಳುವವರ ನಡುವೆಯೇ ಬದುಕಿ ಬಂದವಳು ನಾನು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಹೊರಗೆ ಗಾಯ ಕಾಣದ ನೋವನ್ನು ಹೊತ್ತು ಯಾವುದೋ ಆಸ್ಪತ್ರೆಯ ಬೆಂಚಿನಲ್ಲಿ ಕೂತವರು ಇನ್ನೂ ಇದ್ದಾರೆ. ಅವರಿಗೆ ಔಷಧ ಹೇಳುವ ಯೋಗ್ಯತೆ ನನಗಿಲ್ಲ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಬಲ್ಲೆ, ಅಷ್ಟೆ.

ನಾನು ವಾರಿಜ. ಊರು ಉಡುಪಿಯ ಹತ್ತಿರ. ಮದುವೆಯಾಗಿ ಬಂದದ್ದು ಮುಂಬಯಿ ಹತ್ತಿರದ ಡೊಂಬಿವಲಿಗೆ, ಎರಡನೇ ಮಾಳಿಗೆಯ ಒಂದು ರೂಮು, ಒಂದು ಕಿಚನ್ನಿನ ಮನೆಗೆ. ಗಂಡ ಜಯಕರ ಕಲ್ಯಾಣದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಮನೆಯಲ್ಲಿ ಅತ್ತೆ, ನಾಲ್ಕನೇ ಕ್ಲಾಸಿನ ಮಗಳು ನಿಶಾ. ನಾನು ಮುಂಬಯಿಯ ಮಸ್ಜಿದ್ ಬಂದರಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಮನೆಯ ಮಾತು ತುಳು. ಇಲ್ಲಿ ಕನ್ನಡ ಮಾಡಿ ಬರೆಯುವಾಗ ಅತ್ತೆಯ ಬೈಗುಳದ ಖಾರ ಸ್ವಲ್ಪ ಕಡಿಮೆಯಾಗಬಹುದು. ಅದು ಅವರ ಅದೃಷ್ಟ.

ಡೊಂಬಿವಲಿಯ ನೌಕರಿಯವರಿಗೆ ಆಗ ಒಂದು ವಿದ್ಯೆ ಗೊತ್ತಿತ್ತು. ಮುಂಬಯಿಗೆ ಹೋಗಬೇಕಾದವರು ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಹೋಗುವ ಗಾಡಿ ಹತ್ತುವುದು, ಸೀಟು ಹಿಡಿಯುವುದು, ಅದೇ ಗಾಡಿ ತಿರುಗಿ ಮುಂಬಯಿಗೆ ಹೊರಡುವಾಗ ಏಳದೆ ಕೂತಿರುವುದು. ಎಲ್ಲರಿಗೂ ಗೊತ್ತಿರುವ ವಿದ್ಯೆಯಾದ್ದರಿಂದ ಕಲ್ಯಾಣದ ಗಾಡಿಗೂ ನೂಕುನುಗ್ಗಲು. ಒಂದು ಬೆಳಿಗ್ಗೆ ಇಳಿಯುವವರು ಹೊರಗೆ ತಳ್ಳಿದರು, ಹತ್ತುವವರು ಒಳಗೆ ತಳ್ಳಿದರು, ನಡುವೆ ಇದ್ದ ನಾನು ಪ್ಲಾಟ್‌ಫಾರ್ಮಿನ ಅಂಚಿಗೆ ಸೊಂಟ ಬಡಿದು ಬಿದ್ದೆ. ನನ್ನನ್ನು ದಾಟಿಕೊಂಡು ಹೋಗಿ ಸೀಟು ಹಿಡಿದವಳೊಬ್ಬಳು ಕಿಟಕಿಯಿಂದ ಬಗ್ಗಿ ನೋಡಿ "ಅರೇರೇ, ಬಿಚಾರೀ", ಪಾಪ, ಎಂದಳು. ಗಾಡಿ ಹೋಯಿತು.

ಮೂಳೆ ಮುರಿದಿರಲಿಲ್ಲ. ಮುರಿದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟು ಸಲ ಅನಿಸಿದೆಯೋ! ಪ್ಲಾಸ್ಟರ್ ಹಾಕಿಕೊಂಡವರ ಮಾತನ್ನು ಎಲ್ಲರೂ ನಂಬುತ್ತಾರೆ. ನನ್ನ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಊದಿದ್ದು ಇಳಿಯಿತು, ಕಪ್ಪುಗಟ್ಟಿದ್ದು ಮಾಸಿತು, ನೋವು ಮಾತ್ರ ಸೊಂಟದಿಂದ ಎಡಗಾಲಿನ ಮೀನಖಂಡದವರೆಗೆ ಬೆಂಕಿ ಎಳೆದ ಹಾಗೆ ಉಳಿದುಕೊಂಡಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಆಫೀಸಿನವರು ಕೆಲವು ತಿಂಗಳು ಸಹಿಸಿದರು, ಆಮೇಲೆ ನನ್ನ ಮೇಜಿಗೆ ಬೇರೆ ಹುಡುಗಿ ಬಂದಳು.

ಬೆಲ್ಟು ಕಟ್ಟಿಯಾಯಿತು, ಕಾಲಿಗೆ ತೂಕ ತೂಗಿಸಿ ಮಲಗಿಸಿಯಾಯಿತು, ಕಲ್ಯಾಣದ ಒಬ್ಬ ಪೈಲ್ವಾನನಿಂದ ಎಣ್ಣೆ ತಿಕ್ಕಿಸಿಯೂ ಆಯಿತು. ಮೊದಮೊದಲು ಮನೆಯಲ್ಲಿ ಕನಿಕರ ಇತ್ತು. ಕನಿಕರಕ್ಕೂ ಒಂದು ಅವಧಿ ಇರುತ್ತದೆ, ಅದು ಮುಗಿದ ಮೇಲೆ ಹುಳಿಯಾಗುತ್ತದೆ. ಅತ್ತೆ ಬಂದವರ ಎದುರಿಗೆಲ್ಲ, "ನೋಡ್ಲಿಕ್ಕೆ ಗುಂಡುಕಲ್ಲಿನ ಹಾಗೆ ಇದ್ದಾಳೆ. ನಾವು ಗದ್ದೆಯಲ್ಲಿ ನೇಜಿ ನೆಟ್ಟು ಬಂದು ಹೆತ್ತವರು. ನಮಗೆಲ್ಲ ಸೊಂಟ ಇರ್ಲಿಲ್ವಾ?" ಎನ್ನುತ್ತಿದ್ದರು. ಗಂಡ, ನಾನು ನರಳಿದರೆ ಟಿವಿಯ ಸದ್ದು ಸ್ವಲ್ಪ ಏರಿಸುತ್ತಿದ್ದರು.

ಇಂಥ ನೋವಿಗೇ ಒಂದು ಓಪಿಡಿ ವಾಶಿಯಲ್ಲಿದೆ, ಗುರುವಾರ ಮಾತ್ರ ಇರುತ್ತದೆ ಎಂದು ಯಾರೋ ಹೇಳಿದರು. ಆಗ ಠಾಣೆಯಿಂದ ವಾಶಿಗೆ ರೈಲಿರಲಿಲ್ಲ. ಡೊಂಬಿವಲಿಯಿಂದ ಠಾಣೆಗೆ ಲೋಕಲ್, ಅಲ್ಲಿಂದ ಬೇಲಾಪುರ ರಸ್ತೆಯಲ್ಲಿ ಬಸ್ಸು. ಐರೋಲಿ, ರಬಾಳೆ, ತುರ್ಭೆ, ಒಂದೊಂದು ಕಾರ್ಖಾನೆಯ ಒಂದೊಂದು ವಾಸನೆ, ಒಂದೊಂದು ಗೇಟಿನ ಮುಂದೆ ಒಂದೊಂದು ಹೊಂಡ. ನೋವು ಕಡಿಮೆ ಮಾಡಿಸಿಕೊಳ್ಳಲು ಹೋಗುವ ದಾರಿಯೇ ವಾರದ ನೋವನ್ನೆಲ್ಲ ಒಂದೇ ದಿನ ಕೊಡುತ್ತಿತ್ತು. ಈ ಓಪಿಡಿಯನ್ನು ಅಲ್ಲಿಟ್ಟವನ ಸೊಂಟ ಗಟ್ಟಿ ಇದ್ದಿರಬೇಕು.

ಅಲ್ಲಿನ ಬೆಂಚಿನಲ್ಲಿ ಸಿಕ್ಕಿದವನು ಸಿದ್ದಪ್ಪ. ನಾನು ಗೋಡೆ ಹಿಡಿದು ಕೂರುತ್ತ "ಅಯ್ಯೋ ದೇವರೇ" ಎಂದದ್ದು ಕೇಳಿ ತಿರುಗಿದ.

"ಅಕ್ಕಾರ, ಕನ್ನಡದವ್ರೇನ್ರಿ?"

"ಹೌದು. ಉಡುಪಿ ಕಡೆ."

"ನಮ್ಮದು ಇಂಡಿ ಕಡೆ ಹಳ್ಳಿರಿ. ತುರ್ಭೆ ಮಾರ್ಕೆಟ್‌ನ್ಯಾಗ ಚೀಲ ಹೊರ್ತಿದ್ನಿರಿ. ಈಗ ಬ್ಯಾನಿ ಹೊರ್ತೀನ್ರಿ."

ನಗಬಾರದಿತ್ತು, ನಕ್ಕೆ. ಅವನೂ ನಕ್ಕ. ಆಮೇಲೆ ಹೇಳಿದ: "ನಮ್ಮ ಹಮಾಲ್ರ ಟೋಳಿಯವ್ರು ನಂಬಂಗಿಲ್ರಿ. ಮೊನ್ನಿ ಹಿಂದಿಂದ ಬಂದು ಬೆನ್ನ ಮ್ಯಾಲ ಉಳ್ಳಾಗಡ್ಡಿ ಚೀಲ ಒಗದ್ರು. ಖರೇ ಬ್ಯಾನಿ ಇದ್ರ ಬೀಳ್ತಾನ, ಸುಳ್ಳಾದ್ರ ನಿಂದರ್ತಾನ, ನೋಡೇಬಿಡೂಣು ಅಂತ."

"ಬಿದ್ಯಾ?"

"ಬಿದ್ನಿರಿ. 'ನಾಟಕ ಛಲೋ ಮಾಡ್ತಾನ ಮಗ' ಅಂದ್ರು."

ಮುಂದಿನ ಗುರುವಾರಗಳಲ್ಲಿ ಯಾರು ಮೊದಲು ಬಂದರೂ ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗ ಹಿಡಿದಿಡುತ್ತಿದ್ದೆವು. ಗೋಡೆಗೆ ಒರಗಲು ಸಿಗುವ ತುದಿಯ ಜಾಗವನ್ನು ಅವನು ನನಗೇ ಬಿಡುತ್ತಿದ್ದ.

ಒಳಗೆ ಒಂದು ಮೇಜು, ಸುತ್ತ ನಾಲ್ಕು ಜನ. ಇಂಜೆಕ್ಷನ್ ಕೊಡುವ ಡಾಕ್ಟರು, ವ್ಯಾಯಾಮ ಕಲಿಸುವ ಒಬ್ಬರು, ಮನಸ್ಸಿನ ಡಾಕ್ಟರ್ ಮೇಡಂ, ಮನೆ ಸಂಸಾರದ ವಿಷಯ ಕೇಳುವ ಒಬ್ಬ ಸಿಸ್ಟರ್. ಬೇರೆ ಕಡೆ ಒಬ್ಬ ಡಾಕ್ಟರು ಇನ್ನೊಬ್ಬನ ಹತ್ತಿರ ಕಳಿಸುತ್ತಿದ್ದ, ಅವನು ಮತ್ತೊಬ್ಬನ ಹತ್ತಿರ. ಇಲ್ಲಿ ನಾಲ್ವರೂ ಒಟ್ಟಿಗೆ ಕೂತು ನನ್ನ ಮಾತನ್ನು ಪೂರ್ತಿ ಕೇಳಿದರು. "ನೋವು ನಿಜ" ಎಂದರು ಮೊದಲಿಗೆ. ಅಷ್ಟು ಕೇಳಿದ್ದೇ ನಾನು ಮೂಗು ಸೋರಿಸಿಕೊಂಡು ಅತ್ತುಬಿಟ್ಟೆ. ಪೂರ್ತಿ ಹೋಗುತ್ತದೆ ಎಂಬ ಭರವಸೆ ಕೊಡುವುದಿಲ್ಲ, ಅದರ ಜೊತೆ ಬದುಕುವುದನ್ನು ಕಲಿಸುತ್ತೇವೆ ಎಂದರು ಆಮೇಲೆ. ಕಲಿಸಿದರು ಕೂಡ. ಮಗ್ಗುಲಾಗಿ ಏಳುವುದು, ಒಂದು ಕಾಲು ಮಣೆಯ ಮೇಲಿಟ್ಟು ಪಾತ್ರೆ ತೊಳೆಯುವುದು, ನೋವು ಏರುವ ಮೊದಲೇ ಕೆಲಸ ನಿಲ್ಲಿಸುವುದು. ಇವತ್ತಿಗೂ ನಾನು ನಡೆದಾಡುತ್ತಿರುವುದು ಅವರ ದಯೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ಅವರನ್ನು ಬೈಯುತ್ತೀರಿ.

ಕೆಲವು ವಾರಗಳ ನಂತರ ಮೇಡಂ ಮನೆಯವರನ್ನು ಕರೆತರಲು ಹೇಳಿದರು. ಗಂಡ ರಜೆ ಹಾಕಿ ಬಂದರು. ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ನಿಶಾಳನ್ನು ಬಿಡಲು ಜಾಗವಿಲ್ಲದೆ ಅವಳನ್ನೂ ಕರೆದುಕೊಂಡು ಹೋದೆವು.

ಮೇಡಂ ಹಿಂದಿಯಲ್ಲಿ, ಅತ್ತೆಗೂ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದರು. ಹಳೆಯ ನೋವನ್ನು ಗಳಿಗೆಗೊಮ್ಮೆ ವಿಚಾರಿಸಿದರೆ ಮನಸ್ಸು ಅದರಲ್ಲೇ ಸಿಕ್ಕಿಬೀಳುತ್ತದೆ. ಆದ್ದರಿಂದ "ದರ್ದ್ ಕೈಸಾ ಹೈ" ಎಂದು ಕೇಳುವುದು ಬಂದ್. ನರಳಿದರೆ ಓಡಿ ಹೋಗಬೇಡಿ. ಕೈಯಿಂದ ಪೊರಕೆ ಕಸಿದುಕೊಳ್ಳಬೇಡಿ, ಆಗುವಷ್ಟು ಅವರೇ ಮಾಡಲಿ. ಬದಲಿಗೆ ದಿನಾ ಸಂಜೆ ಯಾರಾದರೂ ಒಬ್ಬರು ಜೊತೆಗೆ ವಾಕಿಂಗ್ ಹೋಗಿ, ಮಾಡಿದ ಕೆಲಸಕ್ಕೆ ಒಂದು ಒಳ್ಳೆಯ ಮಾತು ಆಡಿ, ಬೇರೆ ಏನಾದರೂ ಮಾತಾಡಿಸಿ. ಹೊಸ ತರಹದ ನೋವೇನಾದರೂ ಬಂದರೆ ಮಾತ್ರ ಕೂಡಲೇ ತೋರಿಸಿ.

ಗಂಡನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತು. ಬಸ್ಸಿನಲ್ಲಿ ಅತ್ತೆ, "ನಾನು ಮೊದಲಿಂದ ಹೇಳಿದ್ದು ಎಂತ? ಲಕ್ಷ್ಯ ಕೊಡ್ಬೇಡಿ ಅಂತ. ಇಷ್ಟು ಓದಿದವರೂ ಅದನ್ನೇ ಹೇಳಿದ್ರು ನೋಡು" ಎಂದರು. ಇಡೀ ದಾರಿ ಅವರಿಗೆ ಒಂದು ಹೊಂಡವೂ ಗೊತ್ತಾಗಲಿಲ್ಲ.

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಹೊಸ ಕಾನೂನು. ವಾಕಿಂಗ್ ಎರಡು ಸಂಜೆ ನಡೆಯಿತು, ಮೂರನೆಯ ಸಂಜೆ ಇವರಿಗೆ ಹೋಟೆಲಿನಲ್ಲಿ ಕೆಲಸ, ಅಲ್ಲಿಗೆ ಮುಗಿಯಿತು. ಒಳ್ಳೆಯ ಮಾತು ಯಾರ ಬಾಯಿಂದಲೂ ಬರಲಿಲ್ಲ, ಅಭ್ಯಾಸವಿಲ್ಲದ್ದು ಹೇಗೆ ಬರಬೇಕು? ಕೇಳಬಾರದು ಎಂಬುದನ್ನು ಮಾತ್ರ ವ್ರತದ ಹಾಗೆ ಪಾಲಿಸಿದರು. ನಾನು "ಅಮ್ಮಾ" ಎಂದರೆ ಅತ್ತೆ ಗೋಡೆಯ ಕಡೆ ತಿರುಗಿ ಕೂರುವರು. ಏಳಲಾಗದೆ ಬಾಗಿಲು ಹಿಡಿದು ನಿಂತಿದ್ದರೆ ಇವರು ಪಕ್ಕದಿಂದ ಓರೆಯಾಗಿ ದಾಟಿ ಹೋಗುವರು. ಕೋಪದಿಂದಲ್ಲ, ಚಿಕಿತ್ಸೆ ಎಂದು. ಕೋಪವಾದರೆ ಜಗಳವಾಡಬಹುದಿತ್ತು.

ನಿಶಾ ಮೊದಲು ತಡೆಯಲಾರದೆ ಬಳಿಗೆ ಬರುತ್ತಿದ್ದಳು. ಇಲ್ಲಿ ಹುಟ್ಟಿದ ಮಗು, ನಮ್ಮ ಮಾತು ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವುದು ಮರಾಠಿ. "ಅಮ್ಮಾ, ಖೂಪ್ ದುಖ್...", ತುಂಬಾ ನೋಯ್ತದಾ, ಎಂದು ಕೇಳುವಷ್ಟರಲ್ಲಿ ಅತ್ತೆ "ಶ್!" ಎನ್ನುವರು. ಮಗು ತನ್ನ ಬಾಯಿಯ ಮೇಲೆ ತಾನೇ ಕೈ ಇಟ್ಟುಕೊಂಡು ಹಿಂದೆ ಸರಿಯುವುದು. ಆಮೇಲಾಮೇಲೆ ಅವಳೇ ನನಗೆ ಹೇಳತೊಡಗಿದಳು, "ದುಖತಂಯ್ ಅಸಂ ಬೋಲಾಯ್‌ಚಂ ನಾಹೀ ನಾ, ಅಮ್ಮಾ." ನೋಯುತ್ತದೆ ಎಂದು ಹೇಳುವ ಹಾಗಿಲ್ಲ. ಕೇಳಬಾರದು ಎಂದಿದ್ದದ್ದು ಹೇಳಬಾರದು ಎಂದಾಗಿತ್ತು.

ಆ ದಿನಗಳಲ್ಲಿ ಯಾರಾದರೂ ನನ್ನನ್ನು ಹೇಗಿದ್ದೀಯ ಎಂದು ಕೇಳಿದ್ದರೆ ಅದು ಸಿದ್ದಪ್ಪ, ಗುರುವಾರ, ಆ ಬೆಂಚಿನಲ್ಲಿ. "ಬ್ಯಾನಿ ಹೆಂಗೈತ್ರಿ ಅಕ್ಕಾರ?" ಎನ್ನುವನು. "ಇದೆ ಮಾರಾಯ. ನಿಂದು?" ಎನ್ನುವೆ. "ನಂದೂ ಐತ್ರಿ." ಮುಗಿಯಿತು. ಇದರಿಂದ ನನ್ನ ಮನಸ್ಸು ನೋವಿನಲ್ಲಿ ಸಿಕ್ಕಿಬಿದ್ದದ್ದು ನನಗಂತೂ ಗೊತ್ತಾಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಹಗುರವಾಗಿರುತ್ತಿದ್ದೆ.

ಆ ವರ್ಷ ಚೌತಿಗೆ ಇವರ ಅಕ್ಕನ ಮನೆಯವರನ್ನೂ ಚಿಕ್ಕಪ್ಪನ ಮನೆಯವರನ್ನೂ ಊಟಕ್ಕೆ ಕರೆದಿದ್ದರು. ಬೆಳಿಗ್ಗೆ ಏಳುವಾಗಲೇ ಹೊಟ್ಟೆಯಲ್ಲಿ, ಹೊಕ್ಕುಳಿನ ಸುತ್ತ, ಏನೋ ಹಿಂಡುತ್ತಿತ್ತು. ಕಡುಬಿಗೆಂದು ಅರಸಿನ ಎಲೆಗೆ ಹಿಟ್ಟು ಸವರುವ ಹೊತ್ತಿಗೆ ಅದು ಬಲಗಡೆಗೆ ಇಳಿದು ಇರಿಯತೊಡಗಿತು. ಇವರು ಸ್ನಾನ ಮುಗಿಸಿ ಬಂದಾಗ ಹೇಳಿದೆ, "ನನಗೆ ಹೊಟ್ಟೆ ತುಂಬಾ ನೋವು ಉಂಟು."

ಅಂಗೈ ಎತ್ತಿ ತಡೆದರು. "ನೋವಿನ ಮಾತು ಬೇಡ ಅಂತ ಆಗಿದೆಯಲ್ಲ? ಇವತ್ತು ಹಬ್ಬ."

ನೆಂಟರು ಬಂದರು, ಎಲೆ ಹಾಕಿದರು. ಅನ್ನ ಬಡಿಸಿದೆ, ಸಾರು ಬಡಿಸಿದೆ. ಪಾಯಸದ ಪಾತ್ರೆ ಎತ್ತಲು ಬಗ್ಗಿದವಳು ಅಡುಗೆಮನೆಯ ನೆಲಕ್ಕೆ ಕುಸಿದೆ. ಮಂಡಿ ಎದೆಗೆ ಸೇರಿಸಿಕೊಂಡು ಮಲಗಿದೆ, ಬಾಯಿಂದ ನನ್ನದಲ್ಲದ ಸ್ವರ ಬರುತ್ತಿತ್ತು. ಇವರ ಅಕ್ಕ ಎಲೆ ಬಿಟ್ಟು ಎದ್ದರು. ಇವರು, "ಕೂತ್ಕೋ ಅಕ್ಕ. ಇದು ಟ್ರೀಟ್‌ಮೆಂಟ್. ವಾಶಿಯ ಡಾಕ್ಟರೇ ಹೇಳಿದ್ದು, ನಾವು ನೋಡ್ಬಾರ್ದು. ನೋಡಿದ್ರೆ ಜಾಸ್ತಿ ಆಗ್ತದೆ" ಎಂದರು. ಆ ಸ್ವರದಲ್ಲಿ ಹೆಮ್ಮೆ ಇತ್ತು. ಅಕ್ಕ ಕೂತರು. ಅತ್ತೆ ನನ್ನ ಕಾಲು ದಾಟಿ ಬಂದು ಪಾಯಸದ ಪಾತ್ರೆ ತೆಗೆದುಕೊಂಡು ಹೋಗಿ ಬಡಿಸಿದರು. ನೆಂಟರು ಸೊರ್ ಎಂದು ಪಾಯಸ ಹೀರುವುದು ನನಗೆ ಕೇಳುತ್ತಿತ್ತು. ಅಷ್ಟು ಜನ, ಆಮೇಲೆ ಒಬ್ಬರಾದರೂ ತಿರುಗಿ ನೋಡಲಿಲ್ಲ. ಇದನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಆಗ ಎದುರು ಮನೆಯ ಸುಲಭಾತಾಯಿ ಮೋದಕದ ತಟ್ಟೆ ಹಿಡಿದು ಬಂದಳು. ಅವಳಿಗೆ ನಮ್ಮ ಮನೆಯ ಕಾನೂನನ್ನು ಯಾರೂ ಹೇಳಿರಲಿಲ್ಲ. ನೇರ ಅಡುಗೆಮನೆಗೆ ಬಂದವಳು ತಟ್ಟೆ ಅಲ್ಲೇ ಇಟ್ಟು, "ಅಗಂ ಬಾಯೀ! ಹಿಲಾ ಕಾಯ್ ಝಾಲಂ?", ಏನಾಯ್ತು ಇವಳಿಗೆ, ಎಂದು ಕಿರುಚಿದಳು. ಇವರು ಮತ್ತೆ ಟ್ರೀಟ್‌ಮೆಂಟ್ ಎಂದು ಶುರುಮಾಡಿದರು. "ಟ್ರೀಟ್‌ಮೆಂಟ್ ಗೇಲೀ ಖಡ್ಡ್ಯಾತ್!" ಎಂದಳು ಪುಣ್ಯಾತ್ಮೆ. ಹೊಂಡಕ್ಕೆ ಬೀಳಲಿ ನಿಮ್ಮ ಟ್ರೀಟ್‌ಮೆಂಟ್! ತನ್ನ ಗಂಡನನ್ನು ಕರೆದು, ಇಬ್ಬರೂ ಸೇರಿ ನನ್ನನ್ನು ಹೊತ್ತು ಇಳಿಸಿ, ರಿಕ್ಷಾ ಹಿಡಿದು ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದಳು. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಹಬ್ಬದ ಜೊತೆಗೆ ನನ್ನದೂ ಮುಗಿಯುತ್ತಿತ್ತು ಎಂದರು ಸರ್ಜನ್.

ಎಚ್ಚರವಾದಾಗ ಇವರು ಸ್ಟೂಲಿನ ಮೇಲೆ ಕೂತಿದ್ದರು. ಅತ್ತಿದ್ದರೋ ಏನೋ, ಕಣ್ಣು ಕೆಂಪಗಿತ್ತು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ.

"ಇದು ಬೇರೆ ನೋವು ಅಂತ ನೀನು ಹೇಳ್ಬೇಕಿತ್ತು" ಎಂದರು.

"ಹೊಟ್ಟೆ ಅಂತ ಹೇಳಿದ್ದೆನಲ್ಲ?"

"ಹೊಟ್ಟೆ ಅಂದದ್ದು ನನ್ನ ಕಿವಿಗೆ ಬೀಳ್ಲಿಲ್ಲ, ವಾರಿಜಾ. ನೋವು ಅಂದದ್ದು ಮಾತ್ರ ಬಿತ್ತು."

ಹೊಲಿಗೆ ಎಳೆಯುತ್ತಿತ್ತು, ಇಲ್ಲದಿದ್ದರೆ ಎದ್ದು ಕೂತು ಬೈಯುತ್ತಿದ್ದೆ. ಅತ್ತೆ ಗಂಜಿಯ ಕ್ಯಾರಿಯರ್ ತಂದಿಟ್ಟು, "ಎರಡಕ್ಕೂ ಒಂದೇ ಹಾಗೆ ನರಳಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?" ಎಂದರು. ಆದರೂ ಆ ಗಂಜಿಯನ್ನು ನನಗೆ ಚಮಚದಲ್ಲಿ ಕುಡಿಸಿದ್ದು ಅವರೇ. ಅದನ್ನೂ ಬರೆಯಬೇಕಲ್ಲ.

ಎದ್ದು ಓಡಾಡುವ ಹಾಗಾದ ಮೇಲೆ ಇವರನ್ನು ಎಳೆದುಕೊಂಡೇ ವಾಶಿಗೆ ಹೋದೆ. ಬೆಂಚಿನಲ್ಲಿ ಸಿದ್ದಪ್ಪ ಇರಲಿಲ್ಲ. ಎಷ್ಟೋ ವಾರದಿಂದ ಬಂದಿಲ್ಲ, ಟೋಳಿಯಲ್ಲಿ ಅವನ ಜಾಗಕ್ಕೆ ತಮ್ಮನನ್ನು ಹಾಕಿದ್ದಾರಂತೆ, ಊರಿಗೆ ಹೋದನೋ ಏನೋ ಎಂದರು ವ್ಯಾಯಾಮದವರು. ಮತ್ತೆ ಅವನನ್ನು ನಾನು ನೋಡಲಿಲ್ಲ.

ಮೇಜಿನ ಸುತ್ತ ನಾಲ್ವರೂ ಇದ್ದರು. ಚೌತಿಯ ದಿನದ ಕಥೆಯನ್ನು ಒಂದೂ ಬಿಡದೆ ಹೇಳಿದೆ. ಮೇಡಂ ಮುಖ ಬಿಳಿಚಿಕೊಂಡಿತು. "ಹೊಸ ನೋವು ಬಂದರೆ ತೋರಿಸಿ ಅಂದಿದ್ದೆ. ಜೊತೆಗೆ ನಡೆಯಿರಿ, ಒಳ್ಳೆಯ ಮಾತಾಡಿ ಅಂದಿದ್ದೆ. ನೀವು ಒಂದೇ ಮಾತು ತೆಗೆದುಕೊಂಡು ಹೋದಿರಿ" ಎಂದರು ಇವರಿಗೆ.

"ಅವರಿಗೆ ಬೇಕಾದದ್ದು ಅದೊಂದೇ ಇತ್ತು ಮೇಡಂ. ಅದಕ್ಕೆ ನಿಮ್ಮ ಠಸ್ಸೆಯೂ ಬಿತ್ತು" ಎಂದೆ ನಾನು.

ಇವರು ನೆಲ ನೋಡುತ್ತಿದ್ದರು. ನಾವು ಹೊರಗೆ ಬಂದ ಮೇಲೆ ಮೇಡಂ ಹಿಂದೆಯೇ ಬಂದು ಬೆಂಚಿನಲ್ಲಿ ನನ್ನ ಪಕ್ಕ ಕೂತು, "ಮಾಝೀಹೀ ಚೂಕ್ ಆಹೇ" ಎಂದರು. ತಪ್ಪು ನನ್ನದೂ ಇದೆ. ಅಷ್ಟು ದೊಡ್ಡ ಡಾಕ್ಟರು, ಹೇಳಬೇಕಿರಲಿಲ್ಲ, ಹೇಳಿದರು. ಈ ಇಡೀ ಕಥೆಯಲ್ಲಿ ಆ ಮಾತನ್ನು ಹೇಳಿದವರು ಅವರೊಬ್ಬರೇ.

ಅಂದಿನಿಂದ ದಿನಕ್ಕೊಮ್ಮೆ, ಬೆಳಗಿನ ಚಹಾದ ಹೊತ್ತಿಗೆ ಮಾತ್ರ, ವಿಚಾರಿಸಬೇಕು ಎಂದಾಯಿತು. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಕೇಳುವುದು. ಇವರು ಮರೆಯದೆ ಕೇಳುತ್ತಾರೆ, ಪೇಪರಿನಿಂದ ಕಣ್ಣು ತೆಗೆಯದೆ. "ಇವತ್ತು ಎಷ್ಟು?" ನಾನು ಐದು ಎಂದರೂ ಎಂಟು ಎಂದರೂ "ಆಯ್ತು" ಎನ್ನುತ್ತಾರೆ. ನೋವು ಹೋಗಿಲ್ಲ. ಪಳಗಿದೆ. ನಾನು ಅದರ ಜೊತೆ ಅಡುಗೆ ಮಾಡುತ್ತೇನೆ, ಬಸ್ಸು ಹತ್ತುತ್ತೇನೆ, ಮನೆಯಲ್ಲಿ ಇಬ್ಬರು ಮಕ್ಕಳಿಗೆ ಟೈಪಿಂಗ್ ಕಲಿಸುತ್ತೇನೆ. ಇದನ್ನು ಓದುತ್ತಿರುವ ನೋವಿನವರೇ, ಅಷ್ಟು ಸಾಧ್ಯ. ಅಷ್ಟು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ಎಲ್ಲ ಒಂದು ಹದಕ್ಕೆ ಬಂತು ಎಂದುಕೊಂಡಿದ್ದ ಕಾಲದಲ್ಲಿ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ನಿಶಾ ಎಡಗೈಯಲ್ಲಿ ಅನ್ನ ಕಲಸುತ್ತಿದ್ದಳು. ಅತ್ತೆ ನೋಡಿದರು.

"ಇದೆಂತ ಅನಿಷ್ಟ! ಎಡಗೈಯಲ್ಲಿ ಉಣ್ತಾರಾ?" ಎಂದು ಅವಳ ಬಲಗೈಯನ್ನು ಹಿಡಿದೆಳೆದು ತಟ್ಟೆಗೆ ಇಟ್ಟರು.

ಮಗು ಸದ್ದು ಮಾಡಲಿಲ್ಲ. ಮುಖದಿಂದ ರಕ್ತ ಇಳಿದುಹೋಯಿತು, ತುಟಿಯ ಮೇಲೆ ಬೆವರು ಬಂತು. ಆ ಮುಖ ನನಗೆ ಗೊತ್ತು, ಕನ್ನಡಿಯಲ್ಲಿ ನೋಡಿದ್ದೇನೆ. ಫ್ರಾಕಿನ ತೋಳು ಸರಿಸಿದೆ. ಮಣಿಕಟ್ಟು ಊದಿ ನೀಲಿಯಾಗಿತ್ತು, ಕೈ ಸ್ವಲ್ಪ ಸೊಟ್ಟಗಿತ್ತು.

"ಎಲ್ಲಿ ಬಿದ್ದೆ ಮಗಾ? ನೋಯ್ತದಾ?"

ಅವಳು ಮೊದಲು ಅಪ್ಪನ ಮುಖ ನೋಡಿದಳು, ಆಮೇಲೆ ಅಜ್ಜಿಯ ಮುಖ.

"ಸಾಂಗೂ ಕಾ?" ಎಂದಳು.

ಹೇಳಲಾ, ಎಂದು. ಅಪ್ಪಣೆ ಕೇಳುತ್ತಿದ್ದಳು.

ಇವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅತ್ತೆ ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟರು. "ಹೇಳು" ಎಂದೆ ನಾನು. ಹಿಂದಿನ ದಿನ ಕೆಳಗೆ ಆಡುವಾಗ ಮೆಟ್ಟಿಲಿನಿಂದ ಬಿದ್ದಿದ್ದಳಂತೆ. ಹಿಂದಿನ ದಿನ! ಒಂದು ರಾತ್ರಿ ಇಡೀ ಆ ಕೈ ಇಟ್ಟುಕೊಂಡು ನನ್ನ ಮಗ್ಗುಲಲ್ಲೇ ಮಲಗಿದ್ದಳು. ನೋವಿನ ವಿಷಯದಲ್ಲಿ ಇಷ್ಟೆಲ್ಲ ಕಲಿತ ನನ್ನ ಮಗ್ಗುಲಲ್ಲಿ.

ಎಂಜಲು ಕೈಯಲ್ಲೇ ಅವಳನ್ನು ಎತ್ತಿಕೊಂಡು ಇಳಿದೆ. ಸೊಂಟ ಬೆಂಕಿಯಾಯಿತು, ಆಗಲಿ. ಇವರು ಚಪ್ಪಲಿಯಿಲ್ಲದೆ ಹಿಂದೆ ಓಡಿ ಬಂದು ರಿಕ್ಷಾ ನಿಲ್ಲಿಸಿದರು. ಮೂವರೂ ಒತ್ತಿಕೊಂಡು ಕೂತೆವು. ರಿಕ್ಷಾ ಹೊಂಡಕ್ಕೆ ಬಿದ್ದಾಗ ಅವಳು ತುಟಿ ಕಚ್ಚಿಕೊಂಡಳು.

"ಕೂಗು ಮಗಾ" ಎಂದೆ. "ನೋಯ್ತದಲ್ಲ, ಕೂಗು. ಎಷ್ಟು ದೊಡ್ಡಕ್ಕೆ ಬೇಕೋ ಅಷ್ಟು ದೊಡ್ಡಕ್ಕೆ."

ಮುಂದಿನ ಹೊಂಡಕ್ಕೆ ಸಣ್ಣಗೆ "ಆಯೀ ಗಂ" ಎಂದಳು. ಅದರ ಮುಂದಿನದಕ್ಕೆ ಬಾಯಿ ತೆರೆದಳು. ಸ್ಟೇಷನ್ ರಸ್ತೆಯಲ್ಲಿ ಹೋಗುವವರೆಲ್ಲ ತಿರುಗಿ ನೋಡಿದರು, ರಿಕ್ಷಾದವನು ಹೆದರಿ ನಿಧಾನ ಮಾಡಿದ. ಪಕ್ಕದಲ್ಲಿ ಅವಳ ಅಪ್ಪ ಕಿವಿ ಮುಚ್ಚಿಕೊಳ್ಳಲು ಎರಡೂ ಕೈ ಎತ್ತಿದರು. ಆ ಕೈಗಳನ್ನು ನಾನು ಹಿಡಿದು ಕೆಳಗಿಳಿಸಿದೆ.